ಜೋಯಾ ಕಲಿತ ಕನ್ನಡ

2002ರ ಫೆಬ್ರವರಿ 13, ಬುಧವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಮೈಸೂರಿನ ಟೆನಿಸ್ ಕ್ಲಬ್ಬಿನ ಎರಡನೇ ಮಣ್ಣಿನ ಕೋರ್ಟಿನ ಮೂಲೆಯಲ್ಲಿ ಮಹದೇವು ಮಡಚುವ ಕುರ್ಚಿಯಿಂದ ಅರ್ಧ ಎದ್ದು, ಮಂಡಿಯ ಮೇಲೆ ಎರಡೂ ಕೈಯೂರಿ, ಉದ್ದಕ್ಕೆ ಹರಿದಿದ್ದ ಸುಣ್ಣದ ಗೆರೆಯನ್ನು ದಿಟ್ಟಿಸುತ್ತಿದ್ದ. ಚೆಂಡು ಗೆರೆಯ ಮೇಲೆ ಬಿದ್ದರೆ ಒಳಗೆ, ಅದರ ಹೊರ ಅಂಚನ್ನು ಕೂದಲೆಳೆಯಷ್ಟು ಮುಟ್ಟಿದರೂ ಒಳಗೆ, ಮುಟ್ಟದಿದ್ದರೆ ಔಟ್. ಅವನ ಕೆಲಸ ಇಷ್ಟೇ. ಬಲೆಯ ಆಚೆ ಬದಿಯಲ್ಲಿ ರಾಕೆಟ್ಟನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತಿದ್ದವಳು ರಷ್ಯಾದ ಜೋಯಾ ಲುಕಿನಾ. ವಯಸ್ಸು ಹದಿನೇಳು. ಮೂರನೇ ಸೆಟ್ಟಿನ ಕೊನೆ. ಎದುರಾಳಿ ಪುಣೆಯ ಹುಡುಗಿ ಸರ್ವ್ ಮಾಡಲಿದ್ದಳು. ಈ ಒಂದು ಪಾಯಿಂಟು ಬಂದರೆ ಪಂದ್ಯ ಜೋಯಾಳದು.

ಪಂದ್ಯವೇನೂ ದೊಡ್ಡದಲ್ಲ. ಟೂರ್ನಿಯ ಮೊದಲ ಸುತ್ತು. ಬೆಂಚುಗಳ ಮೇಲೆ ಕ್ಲಬ್ಬಿನ ಇಪ್ಪತ್ತು ಮೂವತ್ತು ಮಂದಿ ಸದಸ್ಯರು ಕಾಫಿ ಕುಡಿಯುತ್ತ ಕೂತಿದ್ದರು, ಅಷ್ಟೇ. ಆದರೆ ಆ ಹುಡುಗಿಗೆ ಅದೆಷ್ಟು ದೊಡ್ಡದು ಎಂಬುದು ಅಲ್ಲಿದ್ದವರಲ್ಲಿ ಮಹದೇವುವಿಗೆ ಮಾತ್ರ ಗೊತ್ತಿತ್ತು. ಅವಳು ಇಳಿದುಕೊಂಡಿದ್ದು ಗೋಕುಲಂನಲ್ಲಿ, ಅವನ ಅಕ್ಕ ಅಂಬುಜಮ್ಮನ ಮನೆಯಲ್ಲಿ. ಆ ಮನೆಯ ಮೇಲಿನ ಕೋಣೆಯಲ್ಲೇ ಅವನೂ ಇದ್ದ.

ಅಂಬುಜಮ್ಮ ಗಂಡ ತೀರಿಕೊಂಡ ಮೇಲೆ ಕೆಳಗಿನ ಎರಡು ಕೋಣೆಗಳನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಟೂರ್ನಿಯವರು ಆಟಗಾರ್ತಿಯರಿಗೆ ಕಡಿಮೆ ದರದ ವಸತಿ ಹುಡುಕುತ್ತಿದ್ದಾಗ ಒಂದು ಕೋಣೆ ಖಾಲಿಯಿತ್ತು. ಹಿಂದಿನ ಬುಧವಾರ ಆಟೋದಿಂದ ಒಬ್ಬಳೇ ಇಳಿದ ಜೋಯಾಳ ಹೆಗಲಲ್ಲಿ ತನಗಿಂತ ಉದ್ದದ ಚೀಲ, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಂಬುಜಮ್ಮನಿಗೆ ಅದೂ ಇಲ್ಲ.

ಮೊದಲ ರಾತ್ರಿಯ ಊಟಕ್ಕೇ ಫಜೀತಿಯಾಯಿತು. ಅಂಬುಜಮ್ಮ ಮುದ್ದೆ, ಉಪ್ಸಾರು ಬಡಿಸಿ ಚೆನ್ನಾಗಿದೆಯೇ ಎಂದು ಕೈಸನ್ನೆ ಮಾಡಿದಾಗ ಹುಡುಗಿ “ದಾ, ದಾ” ಎಂದಳು. ರಷ್ಯನ್ನರ ಮಾತಿನಲ್ಲಿ ಅದು ‘ಹೌದು’. ಅಂಬುಜಮ್ಮನ ಕಿವಿಗೆ ಅದು ‘ತಾ, ತಾ’ ಎಂದು ಬಿತ್ತು. ಇನ್ನೊಂದು ಮುದ್ದೆ ತಂದಳು. ಸಾಕೇ ಎಂದು ಕೇಳಿದಳು. ಹುಡುಗಿ ಹೊಟ್ಟೆ ಹಿಡಿದುಕೊಂಡು ಮತ್ತೆ “ದಾ” ಎಂದಳು. ಮತ್ತೊಂದು ಬಂತು. ಮಹದೇವು ತಾನು ಕೆಲಸ ಮಾಡುವ ಕಾರ್ಖಾನೆಯಿಂದ ಬಂದು ಬಿಡಿಸದೆ ಹೋಗಿದ್ದರೆ ಆ ರಾತ್ರಿ ಏನಾಗುತ್ತಿತ್ತೋ.

“ತಾ ತಾ ಅಂತದಲ್ಲೋ, ನಾ ಏನ್ ಮಾಡ್ಲಿ?” ಎಂದು ಅಂಬುಜಮ್ಮ ತನ್ನನ್ನು ಸಮರ್ಥಿಸಿಕೊಂಡು, ಅಲ್ಲಿಯೇ ಹುಡುಗಿಯ ಗದ್ದ ಹಿಡಿದು ಪಾಠ ಶುರುಮಾಡಿದಳು. “ನೋಡು ಮಗ, ತಾ ಅನ್ಬೇಡ. ಔದು ಅನ್ನು. ಔ... ದು.”

“ಔದು” ಎಂದಳು ಜೋಯಾ.

ಅಲ್ಲಿಂದ ಆ ಮನೆಯಲ್ಲಿ ಅವಳ ಕನ್ನಡವೆಲ್ಲ ಆ ಒಂದು ಮಾತೇ. ಉಂಡ್ಯಾ ಅಂದರೆ ಔದು, ನಿದ್ದೆ ಬಂತಾ ಅಂದರೆ ಔದು, ಬಿಸಿಲಾ ಅಂದರೂ ಔದು. ಅಂಬುಜಮ್ಮ ಅವಳನ್ನು ಜೋಯಮ್ಮ ಎಂದು ಕರೆದು, ತನ್ನ ಶಿಷ್ಯೆಯ ಉಚ್ಚಾರಣೆಯನ್ನು ಹಾಲು ಹಾಕುವವನಿಂದ ಹಿಡಿದು ಎಲ್ಲರಿಗೂ ಕೇಳಿಸಿದಳು.

ಮಹದೇವುವಿಗೆ ಮಾತ್ರ ಒಳಗೊಳಗೇ ಇರುಸುಮುರುಸು. ಕಲಿಸುವುದಾದರೆ ‘ಹೌದು’ ಎಂದು ಕಲಿಸಬಾರದೇ? ಅವರ ಊರು ನಂಜನಗೂಡಿನ ಕಡೆಯ ಹದಿನಾರು. ಊರವರ ಬಾಯಲ್ಲಿ ಅದು ಅದ್ನಾರು. ಹಕಾರದಿಂದ ಶುರುವಾಗುವ ಊರಿನಲ್ಲಿ ಹಕಾರವೇ ಇಲ್ಲ. ಮಹದೇವು ಬಿ.ಎಸ್ಸಿ. ಓದಲು ಮೈಸೂರಿಗೆ ಬಂದ ಮೊದಲ ವರ್ಷವೇ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಟ್ಟಿಯಾಗಿ “ಐಡ್ರೋಜನ್” ಎಂದುಬಿಟ್ಟಿದ್ದ. ಮೂರು ವರ್ಷ ಅವನ ಹೆಸರು ಐಡ್ರೋಜನ್ ಮಹದೇವು. ಹಾಗೆ ಹೆಸರಿಟ್ಟ ಸಹಪಾಠಿ ಸಂಜಯ್ ಈಗ ಔಷಧದ ಅಂಗಡಿ ಇಟ್ಟುಕೊಂಡು ಇದೇ ಕ್ಲಬ್ಬಿನ ಸದಸ್ಯನಾಗಿದ್ದ. ಆ ಬುಧವಾರವೂ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಿದ್ದ.

ಆ ಅವಮಾನದಿಂದ ಮಹದೇವು ಕಲಿತದ್ದು ಹಕಾರವನ್ನು ಮಾತ್ರವಲ್ಲ, ಹಕಾರದ ಭಯವನ್ನೂ. ಇಲ್ಲದ ಕಡೆಯೂ ಅದನ್ನು ಸೇರಿಸತೊಡಗಿದ. ಬುತ್ತಿ ಬಿಚ್ಚಿ ಹಕ್ಕಿ ರೊಟ್ಟಿ ಎಂದ ದಿನ ಇಡೀ ಹಾಸ್ಟೆಲ್ಲು ಅವನ ಡಬ್ಬಿಯಲ್ಲಿ ರೆಕ್ಕೆ ಹುಡುಕಿತ್ತು. ವರ್ಷಗಟ್ಟಲೆ ಒಂದೊಂದು ಪದವನ್ನೂ ನಾಲಿಗೆಯ ಮೇಲೆ ತೂಗಿ ಹೊರಬಿಟ್ಟ ಮೇಲೆ, ಮೂವತ್ತಮೂರರ ವಯಸ್ಸಿನಲ್ಲಿ ಅವನ ಮಾತು ಈಗ ರೇಡಿಯೋ ವಾರ್ತೆಯಷ್ಟು ಶುದ್ಧ. ಮನೆಯಲ್ಲಿ ಅಕ್ಕನ ಜೊತೆಗೂ ಹಾಗೇ ಮಾತಾಡಿ, “ಏನ್ಲಾ, ಮೇಷ್ಟ್ರು ಬಂದಂಗೆ ಬಂದೆ” ಎಂದು ಬೈಸಿಕೊಳ್ಳುತ್ತಿದ್ದ.

ಅವನು ಗೆರೆ ನೋಡಲು ಬಂದದ್ದೂ ಹೀಗೇ ಅಚ್ಚುಕಟ್ಟಿನ ಚಟದಿಂದ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಅವನು ಅಳತೆ ಪರೀಕ್ಷೆಯ ವಿಭಾಗದವನು. ತಯಾರಾದ ಬಿಡಿಭಾಗ ನಕ್ಷೆಗೆ ಸರಿಯಾಗಿದೆಯೇ ಎಂದು ನೋಡಿ ಮುದ್ರೆ ಒತ್ತುವುದು ಕೆಲಸ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಆರಂಗುಲದ ಸ್ಟೀಲ್ ಸ್ಕೇಲು. ಕಾರ್ಖಾನೆಯ ಸಾಲದ ಕೆಲಸಕ್ಕೆಂದು ಬ್ಯಾಂಕಿಗೆ ಹೋಗುವಾಗ ಪರಿಚಯವಾದ ಅಧಿಕಾರಿ ವಿಶ್ವನಾಥ್, ಟೆನಿಸ್ ಅಂಪೈರ್ ಕೂಡ ಆಗಿದ್ದವರು, ಅವನ ಕಣ್ಣು ಕಂಡು ಎಳೆದು ತಂದಿದ್ದರು. ಅಭ್ಯಾಸದ ಮೊದಲ ದಿನ ಗೆರೆಯಾಚೆ ಬಿದ್ದ ಚೆಂಡಿಗೆ ಮಹದೇವು ಎಷ್ಟು ಎಚ್ಚರದಿಂದ ಕೂಗಿದನೆಂದರೆ, ಬಾಯಿಂದ ಬಂದದ್ದು “ಹೌಟ್!”

“ಔಟ್ ಕಣಯ್ಯಾ, ಹೌಟ್ ಅಲ್ಲ. ಬೇರೆಯವರ ನಾಲಿಗೇಲಿ ಬೀಳೋ ಅಕ್ಷರ ನೀನು ಎತ್ತಿ ಇಡ್ತಿದ್ದೀಯಲ್ಲ” ಎಂದು ವಿಶ್ವನಾಥ್ ನಕ್ಕಿದ್ದರು. ಒಂದು ತಿಂಗಳು ತಿದ್ದಿ ತಿದ್ದಿ ಅವನ ‘ಔಟ್’ ಅನ್ನು ಸರಿಮಾಡಿದ್ದರು. ಅಂಪೈರಿನ ಕಿವಿಗೆ ಮಹದೇವುವಿನ ಬಾಯಿಂದ ಔಕಾರ ಬಂತೆಂದರೆ ಅದು ಔಟ್ ಎಂದೇ ಅಭ್ಯಾಸವಾಗಿಹೋಗಿತ್ತು.

ಜೋಯಾಳ ಕಥೆಯನ್ನು ಅವನು ಸಂಜೆ ಹೊತ್ತು ಜಗಲಿಯ ಮೇಲೆ ತುಂಡು ತುಂಡಾಗಿ ಕೇಳಿದ್ದ. ಅವಳು ರಾಕೆಟ್ಟಿನ ಹಿಡಿಗೆ ಪಟ್ಟಿ ಸುತ್ತುತ್ತ, ಸಿಕ್ಕಿದ ಇಂಗ್ಲಿಷ್ ಪದಗಳನ್ನು ಸಾಲಾಗಿ ಇಡುತ್ತ ಹೇಳುತ್ತಿದ್ದಳು. ವೋಲ್ಗಾ ನದಿಯ ದಡದ ಸರಾತೊವ್ ಅವಳ ಊರು. ತಾಯಿ ಟ್ರಾಮ್ ಓಡಿಸುತ್ತಾಳೆ. ಆರನೆಯ ವಯಸ್ಸಿನಿಂದ ಕ್ರೀಡಾಶಾಲೆ. ಚಳಿಗಾಲವೆಲ್ಲ ಮರದ ನೆಲದ ಒಳಾಂಗಣದಲ್ಲಿ ಆಟ; ಅಲ್ಲಿ ಚೆಂಡು ಸೋಪಿನ ಹಾಗೆ ಜಾರಿ ಬರುತ್ತದಂತೆ. ಮಣ್ಣಿನ ಮೇಲೆ ಅದು ನಿಂತು, ಯೋಚನೆ ಮಾಡಿ ಏಳುತ್ತದೆ ಎಂದು ಅವಳು ಕೈಯಲ್ಲಿ ಮಾಡಿ ತೋರಿಸಿದ್ದಳು. ವೃತ್ತಿಗೆ ಇಳಿದು ಒಂದೂವರೆ ವರ್ಷ. ಅಷ್ಟರಲ್ಲಿ ಸೋತದ್ದೇ ಹೆಚ್ಚು.

ವಿಶ್ವದ ರ‍್ಯಾಂಕಿಂಗ್ ಪಟ್ಟಿಗೆ ಹೆಸರು ಸೇರಬೇಕಾದರೆ ಒಂದು ವರ್ಷದೊಳಗೆ ಮೂರು ಬೇರೆ ಬೇರೆ ಟೂರ್ನಿಗಳಲ್ಲಿ ಒಂದೊಂದಾದರೂ ಅಂಕ ಗಳಿಸಿರಬೇಕು. ಟೂರ್ನಿಯ ಮುಖ್ಯ ಹಂತದಲ್ಲಿ, ಮೊದಲ ಸುತ್ತಿನಲ್ಲೇ ಆದರೂ, ಒಂದು ಪಂದ್ಯ ಗೆದ್ದರೆ ಒಂದು ಅಂಕ. ಅವಳ ಬಳಿ ಎರಡಿದ್ದವು. ಮೊದಲನೆಯದು ಕಳೆದ ಮಾರ್ಚಿನದು. ಬರುವ ತಿಂಗಳು ವರ್ಷ ತುಂಬಿ ಅಳಿಸಿಹೋಗುತ್ತದೆ. ಭಾರತದ ಈ ಪ್ರವಾಸದಲ್ಲಿ ಹಿಂದಿನ ಮೂರು ಊರುಗಳಲ್ಲೂ ಮೊದಲ ಪಂದ್ಯವೇ ಸೋತು ಬಂದಿದ್ದಳು. ಮೈಸೂರು ಕೊನೆಯದು. ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಬಂದರೆ ಮುಂದೆ ಆಡಿಸುತ್ತೇನೆ, ಇಲ್ಲದಿದ್ದರೆ ವ್ಯಾಯಾಮ ಶಿಕ್ಷಕಿಯ ಕೋರ್ಸಿಗೆ ಸೇರಿಕೋ ಎಂದು ಅವಳ ಕೋಚ್ ಹೊರಡುವ ಮುಂಚೆಯೇ ಹೇಳಿದ್ದನಂತೆ. ಇದನ್ನು ಹೇಳುವಾಗ ಅವಳ ಧ್ವನಿಯಲ್ಲಿ ದೂರೇನೂ ಇರಲಿಲ್ಲ. ಬಸ್ಸಿನ ವೇಳೆ ಹೇಳುವವರಂತೆ ಹೇಳಿದ್ದಳು.

ಬೆಳಗಿನ ಐದೂವರೆಗೇ ಅವಳು ಕಾಂಪೌಂಡ್ ಗೋಡೆಗೆ ಚೆಂಡು ಬಡಿಯಲು ನಿಲ್ಲುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಶಾಂತಿ ಅರಸಿ ಬಂದಿದ್ದ ಡಚ್ ದಂಪತಿ ಎರಡನೇ ದಿನ ದೂರು ಕೊಟ್ಟರು. ಅಂಬುಜಮ್ಮ ಅವರ ಕಡೆ ತಿರುಗಿ, ಉಸಿರು ಹಿಡಿಯುವುದು ನಿಮ್ಮ ಕಸುಬಾದರೆ ಹೊಡೆಯುವುದು ಅವಳ ಕಸುಬು ಎಂಬರ್ಥದ ಮಾತನ್ನು ಅಚ್ಚ ಅದ್ನಾರಿನ ಕನ್ನಡದಲ್ಲಿ ಆಡಿದಳು. ಅವರಿಗೆ ಏನರ್ಥವಾಯಿತೋ, ಮತ್ತೆ ಬರಲಿಲ್ಲ.

ಸೋಮವಾರ ಯಾರಿಗೆ ಯಾರು ಎದುರಾಳಿ ಎಂಬ ಡ್ರಾ ಆದಾಗ ಮಹದೇವು ತಾನಾಗಿ ವಿಶ್ವನಾಥರ ಬಳಿ ಹೋಗಿ, ಆ ಹುಡುಗಿ ಇರುವುದು ನಮ್ಮ ಮನೆಯಲ್ಲಿ, ಅವಳ ಪಂದ್ಯಕ್ಕೆ ನಾನು ಕೂರುವುದು ಸರಿಯಲ್ಲ ಎಂದಿದ್ದ. ಗೆರೆಗೆ ಕೂರಲು ಜನ ಸಾಲದೆ ಅವರು ತಲೆ ಕೆರೆದುಕೊಳ್ಳುತ್ತಿದ್ದರು.

“ಗೆರೆ ಯಾರ ಮನೆ ಊಟಾನೂ ಉಂಡಿಲ್ಲ ಕಣಯ್ಯಾ. ಅದನ್ನ ನೋಡ್ಕೊಂಡು ಕೂತ್ಕೋ, ಸಾಕು.”

ಅವನು ಕೂತ. ಆದರೆ ಆ ಮಾತು ಅವನಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಕಾರ್ಖಾನೆಯಲ್ಲಿ ಅವನೇ ತಂದ ಒಂದು ಪದ್ಧತಿಯಿತ್ತು: ಅಳೆಯುವವನಿಗೆ ಬಿಡಿಭಾಗ ಯಾವ ಪಾಳಿಯದು, ಯಾರು ಮಾಡಿದ್ದು ಎಂಬುದು ಗೊತ್ತಾಗದ ಹಾಗೆ ಚೀಟಿ ತೆಗೆದು ಕೊಡುವುದು. ಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ ಎಂಥ ಪ್ರಾಮಾಣಿಕನ ಕಣ್ಣೂ ಮುಳ್ಳನ್ನು ಆ ಕಡೆಗೆ ಒಂದಿಷ್ಟು ವಾಲಿಸಿ ಓದುತ್ತದೆ. ಸುಳ್ಳು ಹೇಳುತ್ತಿದ್ದೇನೆಂದು ಕಣ್ಣಿಗೆ ತಿಳಿಯುವುದೇ ಇಲ್ಲ. ಅವನು ಇದನ್ನು ತನ್ನ ಮೇಲೆಯೇ ಪರೀಕ್ಷಿಸಿ ನೋಡಿದ್ದ. ಗೆರೆ ಯಾರ ಮನೆಯ ಊಟವನ್ನೂ ಉಂಡಿಲ್ಲ, ನಿಜ. ನೋಡುವ ಕಣ್ಣು ಮಾತ್ರ ದಿನಾ ಜೋಯಾಳ ಪಕ್ಕ ಕೂತು ಉಂಡಿತ್ತು.

ಪುಣೆಯ ಹುಡುಗಿ ಸರ್ವ್ ಮಾಡಿದಳು. ಜೋಯಾ ಅದನ್ನು ಎತ್ತಿ ಆಳಕ್ಕೆ ತಳ್ಳಿದಳು. ಐದಾರು ಸಲ ಚೆಂಡು ಅತ್ತಿತ್ತ ಓಡಾಡಿತು. ಪುಣೆಯವಳು ಅವಸರಪಟ್ಟು ಬಲೆಯತ್ತ ನುಗ್ಗಿದಳು. ಜೋಯಾ ಅದಕ್ಕೇ ಕಾದಿದ್ದವಳಂತೆ ಎರಡೂ ಕೈಯಲ್ಲಿ ರಾಕೆಟ್ಟು ಹಿಡಿದು, ಪಕ್ಕದ ಗೆರೆಗೆ ಒತ್ತಿಕೊಂಡು ನೇರವಾಗಿ ಬಿಟ್ಟಳು. ಎದುರಾಳಿ ಆ ಕಡೆಗೆ ಚಾಚಿ, ಎಟುಕದೆ, ಮುಗ್ಗರಿಸಿ ಮಂಡಿಯೂರಿದಳು. ಚೆಂಡು ಅವಳನ್ನು ದಾಟಿ ಮಹದೇವುವಿನ ಗೆರೆಯ ಹೊರ ಅಂಚಿನಲ್ಲಿ ಬಿದ್ದು, ಸುಣ್ಣದ ಸಣ್ಣ ಹೊಗೆಯೆಬ್ಬಿಸಿ ಹಿಂದಿನ ಬಲೆಗೆ ಹೋಗಿ ತಾಗಿತು.

ಒಳಗೆ. ಮಹದೇವು ಎರಡೂ ಅಂಗೈಗಳನ್ನು ನೆಲಕ್ಕೆ ಮುಖಮಾಡಿ ಚಾಚಿದ. ಒಳಗೆ ಬಿದ್ದ ಚೆಂಡಿಗೆ ಮಾತಿಲ್ಲ, ಸನ್ನೆ ಮಾತ್ರ. ಆದರೆ ಅಂಪೈರ್ ಕುರ್ಚಿ ಇದ್ದದ್ದು ಕೋರ್ಟಿನ ಎದುರು ಬದಿಯಲ್ಲಿ. ವಿಶ್ವನಾಥರಿಗೂ ಅವನಿಗೂ ನಡುವೆ ಪುಣೆಯ ಹುಡುಗಿ ಮೇಲೇಳುತ್ತಿದ್ದಳು; ಇಳಿಬಿಸಿಲು ಬೇರೆ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಸನ್ನೆ ಅವರಿಗೆ ಕಾಣಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಕೂಗಿ ಕೇಳಿದರು:

“ಒಳಗಾ, ಮಹದೇವು?”

ಪ್ರಶ್ನೆ ಕನ್ನಡದಲ್ಲಿ ಬಂತು. ಅವಸರದಲ್ಲಿ ಅವನ ಬಾಯಿಂದ ಉತ್ತರವೂ ಕನ್ನಡದಲ್ಲಿ, ಹದಿನೈದು ವರ್ಷದ ಕಾವಲನ್ನು ತಪ್ಪಿಸಿಕೊಂಡು, ಅಕ್ಕನ ಅಡಿಗೆಮನೆಯಿಂದ ಎದ್ದು ಬಂದ ಹಾಗೆ ಬಂತು.

“ಔದು!”

“ಔಟ್” ಎಂದರು ವಿಶ್ವನಾಥ್. “ಡ್ಯೂಸ್.” ಆಟ ಸಮಸಮಕ್ಕೆ ಬಂತು.

ಗೆದ್ದೆನೆಂದು ರಾಕೆಟ್ಟನ್ನು ಎದೆಗವಚಿಕೊಂಡಿದ್ದ ಜೋಯಾ ಅಲ್ಲೇ ನಿಂತಳು. ಆಮೇಲೆ ಅಂಪೈರ್ ಕುರ್ಚಿಯ ಬಳಿಗೆ ಓಡಿ, ಮಹದೇವುವಿನತ್ತ ಕೈ ತೋರಿಸಿದಳು. ಆ ಕೋರ್ಟಿನಲ್ಲಿ ಅವನ ಮಾತನ್ನು ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ. ಅವಳಿಗೆ ಬರುತ್ತಿದ್ದ ಕನ್ನಡವೂ ಅದೊಂದೇ.

“ಔದು” ಎಂದಳು. ಅಂಪೈರಿಗೆ ತಿಳಿಯಲಿಲ್ಲವೆಂದು ಗಟ್ಟಿಯಾಗಿ, “ಔದು! ಹೀ ಸೇ ಔದು!”

ವಿಶ್ವನಾಥರ ಮುಖ ಅರಳಿತು. ಔಟ್, ಅವನು ಔಟ್ ಎಂದ, ಎಂದು ಹುಡುಗಿ ತಾನೇ ಒಪ್ಪಿಕೊಳ್ಳುತ್ತಿದ್ದಾಳೆ. ಗೆಲ್ಲುವ ಪಾಯಿಂಟಿನಲ್ಲಿ ತನಗೆ ವಿರುದ್ಧ ಬಂದ ತೀರ್ಪನ್ನು ಒಪ್ಪಿಕೊಳ್ಳಲು ಯಾರು ಹೀಗೆ ಓಡಿಬರುತ್ತಾರೆ? ಅವರು ಬಾಗಿ ಥ್ಯಾಂಕ್ ಯೂ ಮಿಸ್ ಲುಕಿನಾ ಎಂದರು. ಬೆಂಚಿನ ಮೇಲಿದ್ದವರೂ ಹಾಗೇ ತಿಳಿದು ಚಪ್ಪಾಳೆ ತಟ್ಟಿದರು. ಯಾರೋ ಹಿರಿಯರು, ಆಡಿದರೆ ಹೀಗೆ ಆಡಬೇಕು ಎಂದು ಪಕ್ಕದವರಿಗೆ ಹೇಳಿದ್ದು ಮಹದೇವುವಿಗೂ ಕೇಳಿಸಿತು.

ಜೋಯಾ ಚಪ್ಪಾಳೆ ಬಂದ ಕಡೆ ನೋಡಿದಳು, ಅಂಪೈರನ್ನು ನೋಡಿದಳು. ಇನ್ನೊಂದು ಇಂಗ್ಲಿಷ್ ಪದಕ್ಕಾಗಿ ಬಾಯಿ ತೆರೆದು, ಸಿಗದೆ ಮುಚ್ಚಿದಳು. ತಾನು ಹೇಳಿದಷ್ಟೂ ಕೆಡುತ್ತಿದೆ ಎಂಬುದಷ್ಟೇ ಅವಳಿಗೆ ತಿಳಿದದ್ದು. ತಿರುಗಿ ತನ್ನ ಜಾಗಕ್ಕೆ ನಡೆಯುವಾಗ ಮಹದೇವುವಿನತ್ತ ಒಂದು ಸಲ ನೋಡಿದಳು. ಸಿಟ್ಟಿನ ನೋಟವಲ್ಲ. ಊಟದ ಮುಂದೆ ಕೂತು, ಈ ಪದ ಸರಿಯೇ ಎಂದು ಕೇಳುವಾಗ ಹೀಗೇ ನೋಡುತ್ತಿದ್ದಳು.

ಪುಣೆಯ ಹುಡುಗಿ ಹಿಂದಿನ ಗೆರೆಗೆ ಬಂದು ಮುಂದಿನ ಸರ್ವಿಗೆ ಚೆಂಡು ಪುಟಿಸತೊಡಗಿದಳು. ಅವಳು ಹೊಡೆದುಬಿಟ್ಟರೆ ಮುಗಿಯಿತು. ಆಮೇಲೆ ಹಿಂದಿನ ಪಾಯಿಂಟನ್ನು ಯಾರೂ ತೆರೆಯುವಂತಿಲ್ಲ. ಮಹದೇವು ಮಾಡಬೇಕಾದದ್ದು ಎದ್ದು ನಿಂತು ಒಂದು ಮಾತು ಹೇಳುವುದಷ್ಟೇ. ಆದರೆ ಆ ಒಂದು ಮಾತನ್ನು ಹೇಳಬೇಕಾದರೆ ತಾನು ಏನೆಂದೆ ಎಂಬುದನ್ನು ಇಷ್ಟು ಜನರ ಎದುರು ಮತ್ತೆ ಅದೇ ಉಚ್ಚಾರಣೆಯಲ್ಲಿ ಅನ್ನಬೇಕು. ಬೆಂಚಿನ ಮೇಲೆ ಸಂಜಯ್ ಕೂತಿದ್ದಾನೆ. ಅದೂ ಹೋಗಲಿ, ತೀರ್ಪು ತಿರುಗಿಸಿದರೆ ಅದು ತಿರುಗುವುದು ತನ್ನ ಮನೆಯಲ್ಲಿ ಉಣ್ಣುವ ಹುಡುಗಿಯ ಕಡೆಗೆ. ಸುಮ್ಮನೆ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಅವಳು ಇನ್ನೂ ಎರಡು ಪಾಯಿಂಟು ಗೆದ್ದು ತಾನೇ ಪಂದ್ಯ ಮುಗಿಸಲೂಬಹುದು.

ಈ ಕೊನೆಯ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕಾರ್ಖಾನೆಯಲ್ಲಿ, ಹೇಗೂ ಮುಂದಿನ ವಿಭಾಗದವರು ನೋಡಿಕೊಳ್ಳುತ್ತಾರೆ ಎಂದು ಮುದ್ರೆ ಒತ್ತುವವರು ಹೀಗೇ ಯೋಚಿಸುತ್ತಿದ್ದರು.

ಚೆಂಡು ಪುಟಿಸುವುದು ನಿಂತಿತು. ಸರ್ವಿಗೆ ಕೈ ಮೇಲೇಳುತ್ತಿತ್ತು. ಮಹದೇವು ಎದ್ದು ನಿಂತು, ಗೆರೆಯವರು ಮಾಡಬಾರದ್ದನ್ನು ಮಾಡಿದ: ಕೋರ್ಟಿನೊಳಗೆ ಎರಡು ಹೆಜ್ಜೆ ಇಟ್ಟ.

“ಸಾರ್, ನಾನು ಔಟ್ ಅನ್ನಲಿಲ್ಲ.”

ವಿಶ್ವನಾಥ್ ಕನ್ನಡಕ ಸರಿಪಡಿಸಿಕೊಂಡರು. “ಮತ್ತೇನಂದೆ?”

“ಔದು ಅಂದೆ.”

“ಅದನ್ನೇ ತಾನೇ ನಾನೂ ಹೇಳಿದ್ದು? ಔಟ್ ಅಂತ.”

“ಔಟ್ ಅಲ್ಲ ಸಾರ್, ಔದು. ಒಳಗಾ ಅಂತ ಕೇಳಿದ್ರಿ. ಔದು ಅಂದೆ.” ಇಷ್ಟಾದ ಮೇಲೆ ಉಳಿದದ್ದನ್ನೂ ಹೇಳಿಬಿಡುವುದೇ ಸುಲಭವೆನ್ನಿಸಿತು. “ನಿಮ್ ಕಡೆ ಹೌದು. ನಮ್ಮೂರ್ ಕಡೆ ಔದು.”

ಬೆಂಚಿನಿಂದ “ಐಡ್ರೋಜನ್!” ಎಂಬ ಧ್ವನಿ ಬಂತು, ಹಿಂದೆಯೇ ನಗು ಇಡೀ ಸಾಲಿಗೆ ಹಬ್ಬಿತು. ಮಹದೇವು ಅದು ಮುಗಿಯುವವರೆಗೆ ಕಾದ. ಇಷ್ಟು ವರ್ಷ ಹೆದರಿದ್ದು ಈ ಸದ್ದಿಗೇ. ಈಗ ಅದು ಬಂದಿತ್ತು. ಬಂದು, ಒಂದು ಲಾರಿ ಹಾದುಹೋದ ಹಾಗೆ ಹೋಯಿತು ಕೂಡ. ವಿಶ್ವನಾಥ್ ಮಾತ್ರ ನಗಲಿಲ್ಲ. ಹುಡುಗಿ ತಮ್ಮ ಮುಂದೆ ನಿಂತು ಕೂಗಿದ್ದು ಏನು, ತಾವು ಥ್ಯಾಂಕ್ ಯೂ ಎಂದದ್ದು ಯಾವುದಕ್ಕೆ ಎಂದು ಅವರಿಗೆ ಈಗ ಹೊಳೆದಿತ್ತು. ಅವರ ಮುಖ ಸಣ್ಣದಾಯಿತು.

ಪುಣೆಯ ಹುಡುಗಿಯ ತಂದೆ ಬೇಲಿಯ ಬಳಿಗೆ ಬಂದು ಹಿಂದಿ ಇಂಗ್ಲಿಷ್ ಬೆರೆಸಿ ಆಕ್ಷೇಪಿಸಿದ. ಔಟ್ ಎಂದದ್ದು ಎಲ್ಲರಿಗೂ ಕೇಳಿಸಿದೆ. ಈ ಮನುಷ್ಯ ಇಷ್ಟು ತಡವಾಗಿ ಏಳುವುದೇಕೆ? ರಷ್ಯನ್ ಹುಡುಗಿ ಇವನ ಮನೆಯಲ್ಲೇ ಇರುವುದು, ಕೇಳಿ ನೋಡಿ. ಇವನ ಕಣ್ಣನ್ನು ನಂಬುವುದು ಹೇಗೆ?

ಐಡ್ರೋಜನ್ ಎಂಬುದು ತಾಗದಿದ್ದವನಿಗೆ ಇದು ತಾಗಿತು. ಏಕೆಂದರೆ ಸೋಮವಾರದಿಂದ ಅವನು ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೂ ಅದೇ.

“ನನ್ ಕಣ್ ನಂಬೋದು ಬೇಡ ಸಾರ್” ಎಂದ. “ಗುರುತಿದೆ. ನೀವೇ ಬಂದು ನೋಡಿ.”

ಮಣ್ಣಿನ ಕೋರ್ಟಿನ ಪುಣ್ಯ ಅದು. ಚೆಂಡು ಬಿದ್ದ ಕಡೆ ಗುರುತು ಬಿಡುತ್ತದೆ. ವಿಶ್ವನಾಥ್ ಕುರ್ಚಿಯಿಂದಿಳಿದು, ಬಲೆಯನ್ನು ಸುತ್ತಿಕೊಂಡು ಬಂದು, ಗೆರೆಯ ಬಳಿ ಕುಕ್ಕರಗಾಲಲ್ಲಿ ಕೂತರು. ಮೊಟ್ಟೆಯಾಕಾರದ ಗುರುತು, ಬಹುಪಾಲು ಗೆರೆಯಿಂದಾಚೆಗೆ. ಒಳಗಿನ ತುದಿಯಲ್ಲಿ ಸುಣ್ಣ ಕದಡಿತ್ತು. ಅವರು ಒಂದು ಕಡೆಯಿಂದ ನೋಡಿದರು, ಎದ್ದು ಇನ್ನೊಂದು ಕಡೆಯಿಂದ ನೋಡಿದರು. ಮಹದೇವು ಹತ್ತಿರ ಹೋಗಲಿಲ್ಲ. ಜೋಯಾ ಬಲೆಯ ಆಚೆ, ರಾಕೆಟ್ಟಿನ ತಂತಿಗಳನ್ನು ಬೆರಳಿಂದ ಒಂದೊಂದಾಗಿ ಸರಿಸುತ್ತ ನಿಂತಿದ್ದಳು.

ವಿಶ್ವನಾಥ್ ಬೆರಳಿನಿಂದ ಗುರುತಿನ ಸುತ್ತ ಒಂದು ವೃತ್ತ ಎಳೆದು ಮೇಲೆದ್ದರು. ಮುಟ್ಟಿದೆ ಎಂದರು. ಚೆಂಡು ಎದುರಾಳಿಯನ್ನು ದಾಟಿ ಹೋದ ಮೇಲಷ್ಟೇ ತಾವು ಔಟ್ ಎಂದದ್ದು, ಆ ಕೂಗು ಅವಳ ಆಟಕ್ಕೆ ಅಡ್ಡಿಯಾಗಿಲ್ಲ, ಆದ್ದರಿಂದ ಪಾಯಿಂಟನ್ನು ಮತ್ತೆ ಆಡಿಸುವ ಪ್ರಶ್ನೆಯಿಲ್ಲ. ಕುರ್ಚಿಗೆ ಹಿಂತಿರುಗಿ, ಎಂದಿಗಿಂತ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಸಾರಿದರು: “ಗೇಮ್, ಸೆಟ್ ಅಂಡ್ ಮ್ಯಾಚ್, ಲುಕಿನಾ.”

ಪುಣೆಯ ಹುಡುಗಿ ಕೈಕುಲುಕಿ, ಅಳು ನುಂಗಿಕೊಂಡು ಚೀಲ ಎತ್ತಿಕೊಂಡಳು. ಅವಳ ತಂದೆ ಹೋಗುವಾಗ ಮಹದೇವುವಿನ ಮುಂದೆ ನಿಂತು, ಬರೀ ಕದಡಿದ ಸುಣ್ಣ ಅದು, ಯಾರಿಗೆ ಬೇಕೋ ಅವರಿಗೆ ಬೇಕಾದ ಹಾಗೆ ಕಾಣುತ್ತದೆ ಎಂದು ಹೇಳಿ ಹೋದ. ಬೈಗುಳವಾಗಿದ್ದರೆ ಮಹದೇವು ಮರೆಯುತ್ತಿದ್ದನೋ ಏನೋ. ಅದು ಬೈಗುಳವಲ್ಲ, ಅವನದೇ ಕಸುಬಿನ ಮಾತು.

ಮುಂದಿನದನ್ನು ಇಲ್ಲೇ ಹೇಳಿಬಿಡಬಹುದು. ಟೂರ್ನಿಯ ರೆಫರಿ ಮಹದೇವುವನ್ನು ಜೋಯಾಳ ಪಂದ್ಯಗಳಿಂದ ದೂರವಿಟ್ಟರು. ಅವನು ಸಂತೋಷದಿಂದಲೇ ಒಪ್ಪಿದ. ಗುರುವಾರ ಅವಳು ಎರಡನೇ ಸುತ್ತಿನಲ್ಲಿ ಒಂದು ಗಂಟೆಯೊಳಗೆ ಸೋತಳು. ಆದರೆ ಮೂರನೇ ಅಂಕ ಅವಳದಾಗಿತ್ತು. ಪಟ್ಟಿಯಲ್ಲಿ ಅವಳ ಹೆಸರು ಬಂದದ್ದು ಸಾವಿರದ ಆಚೆಗೆ, ಎಲ್ಲೋ ತಳದಲ್ಲಿ. ಕೋಚ್ ಮಾತಿಗೆ ತಪ್ಪಲಿಲ್ಲ. ಮರುವರ್ಷ ಅವಳು ಮತ್ತೆ ಭಾರತಕ್ಕೆ ಬಂದು ಬೆಂಗಳೂರಿನಲ್ಲಿ ಆಡಿದಾಗ, ಊಟದ ಸಾಲಿನಲ್ಲಿ ಯಾರೋ ಕನ್ನಡ ಬರುತ್ತದೆಯೇ ಎಂದು ತಮಾಷೆಗೆ ಕೇಳಿದರಂತೆ. ಔದು ಎಂದಳಂತೆ. ಎಲ್ಲರೂ ನಕ್ಕು, ಹೌದು ಅನ್ನಬೇಕಮ್ಮ ಎಂದು ತಿದ್ದಹೋದರೆ ಅವಳು ಒಪ್ಪಲಿಲ್ಲವಂತೆ. ಅದನ್ನು ಕೇಳಿ ಅಂಬುಜಮ್ಮ, “ನನ್ ಮಗ ಕಣ್ಲಾ ಅದು” ಎಂದು ಒಂದು ವಾರ ಬೀಗಿದಳು.

ಆದರೆ ಆ ಬುಧವಾರದ ಸಂಜೆ ಇದ್ಯಾವುದೂ ಇನ್ನೂ ಆಗಿರಲಿಲ್ಲ. ಜೋಯಾ ಅಂಬುಜಮ್ಮನಿಗೆ ಸುದ್ದಿ ಹೇಳಲು ಆಟೋ ಹತ್ತಿದ್ದಳು. ಹತ್ತುವ ಮುಂಚೆ ಮಹದೇವುವಿನ ಎದುರು ನಿಂತು, ಒಂದು ಪದವೂ ಆಡದೆ, ಎರಡೂ ಅಂಗೈಗಳನ್ನು ನೆಲಕ್ಕೆ ಮುಖಮಾಡಿ ಚಾಚಿ ತೋರಿಸಿ ನಕ್ಕಿದ್ದಳು. ಅವನೂ ನಕ್ಕಿದ್ದ. ನಗು ಮಾತ್ರ ಪೂರ್ತಿ ಬಂದಿರಲಿಲ್ಲ.

ಕೋರ್ಟು ನೋಡಿಕೊಳ್ಳುವ ಬೀರಯ್ಯ ನೀರು ಹಾಯಿಸಲು ಪೈಪು ಎಳೆದು ತರುತ್ತಿದ್ದ. ಮಹದೇವು ಒಂದು ನಿಮಿಷ ತಡೆಯಲು ಹೇಳಿ, ಗೆರೆ ಎಳೆಯಲು ಬಳಸುವ ದಾರವನ್ನು ಕೇಳಿ ಪಡೆದ.

“ಪಂದ್ಯ ಮುಗೀತಲ್ಲ ಬುದ್ಧಿ, ಇನ್ನೇನ್ ಅಳೆಯೋದು?” ಎಂದ ಬೀರಯ್ಯ.

ಅಳತೆ ಏನೇ ಬಂದರೂ ಪಂದ್ಯ ಬದಲಾಗುವುದಿಲ್ಲ. ಹೊರಗೆ ಎಂದು ಬಂದರೆ ಏನು ಮಾಡುವುದೆಂದು ಅವನು ಯೋಚಿಸಿಯೂ ಇರಲಿಲ್ಲ. ತಾನು ಕಂಡದ್ದು ಚೆಂಡನ್ನೋ, ಬೇಕೆಂದುಕೊಂಡದ್ದನ್ನೋ, ಅಷ್ಟು ತಿಳಿದರೆ ಸಾಕಿತ್ತು. ತಿಳಿಯದೆ ನಾಳೆ ಕಾರ್ಖಾನೆಯಲ್ಲಿ ಮುದ್ರೆ ಒತ್ತಲು ಕೈ ಬರುವುದಿಲ್ಲ.

ಚೆಂಡು ಬಿದ್ದ ಕಡೆ ಸುಣ್ಣ ಕದಡಿದ್ದರಿಂದ ಅಂಚು ಅಲ್ಲಿ ಕಾಣುತ್ತಿರಲಿಲ್ಲ. ಆಚೆ ಈಚೆ ಗೆರೆ ಕೆಡದೆ ಉಳಿದಿದ್ದ ಎರಡು ಕಡೆ ದಾರದ ತುದಿಗಳನ್ನು ಹೊರ ಅಂಚಿಗೆ ಕೂರಿಸಿ, ಒಂದನ್ನು ಬೀರಯ್ಯನ ಕೈಗೆ ಕೊಟ್ಟು ಬಿಗಿಯಾಗಿ ಎಳೆದ. ವಿಶ್ವನಾಥರು ಎಳೆದ ವೃತ್ತದ ನಡುವೆ ದಾರ ಹಾದುಹೋಯಿತು. ಜೇಬಿನಿಂದ ಸ್ಕೇಲು ತೆಗೆದು ದಾರಕ್ಕೆ ಅಡ್ಡಲಾಗಿ ಇಟ್ಟ. ಓರೆಯಾಗಿ ನೋಡಿದರೆ ಅಳತೆ ತಪ್ಪುತ್ತದೆಂದು ಒಂದು ಕಣ್ಣು ಮುಚ್ಚಿ, ತಲೆಯನ್ನು ನೇರವಾಗಿ ಗುರುತಿನ ಮೇಲಕ್ಕೆ ತಂದ. ಮೊದಲು ಈ ಬದಿಯಿಂದ ಓದಿದ. ನಂಬದೆ, ಸ್ಕೇಲನ್ನು ತಿರುಗಿಸಿ ಆ ಬದಿಯಿಂದ ಓದಿದ. ಎರಡು ಸಲವೂ ಒಂದೇ ಬಂತು.

“ಒಳಗಾ ಬುದ್ಧಿ?” ಎಂದು ಬೀರಯ್ಯ ಕೇಳಿದ.

“ಔದು” ಎಂದ ಮಹದೇವು.

ದಾರದಿಂದ ಒಳಕ್ಕೆ, ಸುಣ್ಣದ ಮೇಲೆ ಚೆಂಡಿನ ಗುರುತು: ನಾಲ್ಕು ಮಿಲಿಮೀಟರ್.